ಬಾಗಿಲು ದಾಟಲಾಗದ ಬೆಳಗು: ಶಾಲೆಗೆ ಹೆದರುವ ಹದಿಹರೆಯದವರಿಗೆ ನಾವು ಏನು ಮಾಡಬೇಕು?

ಮಲೆನಾಡಿನಲ್ಲಿ ಶಾಲೆ ತಪ್ಪುವುದಕ್ಕೆ ಕಾರಣಗಳಿಗೆ ಬರವಿಲ್ಲ. ಮುಂಗಾರು ಜೋರಾದರೆ ಮೂಡಿಗೆರೆ, ಕಳಸ, ಶೃಂಗೇರಿ, ಸಕಲೇಶಪುರಗಳಲ್ಲಿ ದಿನಗಟ್ಟಲೆ ಮಳೆ ರಜೆ. ಆಲೂರು, ಬೇಲೂರು, ಸಕಲೇಶಪುರದ ತೋಟಗಳಲ್ಲಿ ಆನೆಗಳು ಬೀಡುಬಿಟ್ಟರೆ ಯಾವ ತಾಯಿಯೂ ಮಕ್ಕಳನ್ನು ಒಂಟಿಯಾಗಿ ಬಸ್ ನಿಲ್ದಾಣಕ್ಕೆ ಕಳಿಸುವುದಿಲ್ಲ. ನವೆಂಬರ್ ಬಂತೆಂದರೆ ಕಾಫಿ ಕೊಯ್ಲು ಶುರುವಾಗುತ್ತದೆ, ಅಪ್ಪ ಅಮ್ಮ ಇಬ್ಬರೂ ಬೆಳಕು ಹರಿಯುವ ಹೊತ್ತಿಗೆ ತೋಟಕ್ಕೆ ಹೋಗುತ್ತಾರೆ, ಮನೆಯ ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡವಳು ಉಳಿಯುತ್ತಾಳೆ. ಇವೆಲ್ಲ ನಿಜವಾದ ಕಾರಣಗಳು, ಎಲ್ಲರೂ ಒಪ್ಪುವ ಕಾರಣಗಳು. ಇವುಗಳ ಮರೆಯಲ್ಲಿ ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಓದುವ ಆಸೆಯಿದ್ದೂ, ಶಾಲೆಗೆ ಹೋಗಬೇಕೆಂಬ ಮನಸ್ಸಿದ್ದೂ ಹೋಗಲಾಗದ ಮಕ್ಕಳಿದ್ದಾರೆ. ಭಾನುವಾರ ಸಂಜೆಯಿಂದಲೇ ಅವರ ಮುಖ ಬಾಡುತ್ತದೆ. ರಾತ್ರಿ ನಿದ್ದೆ ಹತ್ತುವುದಿಲ್ಲ. ಸೋಮವಾರ ಬೆಳಿಗ್ಗೆ ಸಮವಸ್ತ್ರ ಕೈಗೆತ್ತಿಕೊಂಡ ಕೂಡಲೇ ಹೊಟ್ಟೆ ನುಲಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ತಣ್ಣಗಾಗುತ್ತವೆ, ಕೆಲವರಿಗೆ ವಾಂತಿಯೂ ಆಗುತ್ತದೆ. ಬಸ್ ಹೋಗಿಬಿಟ್ಟ ಸದ್ದು ಕೇಳಿದ ಅರ್ಧ ಗಂಟೆಯಲ್ಲಿ ಎಲ್ಲವೂ ಇಳಿಯುತ್ತದೆ. ಹತ್ತು ಗಂಟೆಗೆ ಮಗು ತಿಂಡಿ ತಿನ್ನುವುದನ್ನು ನೋಡಿದ ಮನೆಯವರಿಗೆ ಇದು ನಾಟಕ ಅನ್ನಿಸುವುದು ಸಹಜ. ಮಳೆ ರಜೆ ಮುಗಿದು ಶಾಲೆ ಮತ್ತೆ ತೆರೆದಾಗ ಈ ಮಕ್ಕಳು ಬರುವುದಿಲ್ಲ. ಒಂದು ವಾರ ಜ್ವರ, ಮುಂದಿನ ವಾರ ಬಸ್ ಇರಲಿಲ್ಲ, ಆಮೇಲೆ ಊರಹಬ್ಬ. ಹಾಜರಿ ಪುಸ್ತಕದಲ್ಲಿ ಅವರು ಗೈರು, ಮನೆಯವರ ಬಾಯಲ್ಲಿ ಹಠಮಾರಿ ಅಥವಾ ಸೋಮಾರಿ.

ಇದು ಸೋಮಾರಿತನವಲ್ಲ ಎಂದು ಗುರುತಿಸಲು ಒಂದು ಸರಳ ದಾರಿಯಿದೆ. ಶಾಲೆ ತಪ್ಪಿಸಿ ಕೆರೆ ಏರಿಯ ಮೇಲೋ ಮೊಬೈಲ್ ಅಂಗಡಿಯಲ್ಲೋ ಕಾಲ ಕಳೆಯುವ ಹುಡುಗ ಆ ವಿಷಯವನ್ನು ಮನೆಯವರಿಂದ ಮುಚ್ಚಿಡುತ್ತಾನೆ. ಆತಂಕದ ಮಗು ಮನೆಯವರ ಕಣ್ಣೆದುರೇ, ಮನೆಯಲ್ಲೇ ಇರುತ್ತದೆ. ಬಹಳ ಸಲ ಹೋಂವರ್ಕ್ ಅಚ್ಚುಕಟ್ಟಾಗಿ ಮಾಡಿ ಮುಗಿಸಿರುತ್ತದೆ. ತಪ್ಪಿತಸ್ಥ ಭಾವನೆಯಿಂದ ಕುಗ್ಗಿರುತ್ತದೆ. ನಾಳೆ ಖಂಡಿತ ಹೋಗುತ್ತೇನೆ ಎಂದು ರಾತ್ರಿ ಮಾತು ಕೊಡುವಾಗ ಅದು ಸುಳ್ಳು ಹೇಳುತ್ತಿರುವುದಿಲ್ಲ, ಬೆಳಿಗ್ಗೆ ಆ ಮಾತನ್ನು ಉಳಿಸಿಕೊಳ್ಳಲು ದೇಹ ಬಿಡುವುದಿಲ್ಲ, ಅಷ್ಟೇ.

ಇಂಥವರು ಅಪರೂಪವೂ ಅಲ್ಲ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ಕು ಮಂದಿ ಎಂದಾಯಿತು. ಅವರಲ್ಲಿ ಆತಂಕದಿಂದ ಬಳಲುವವರದು ದೊಡ್ಡ ಪಾಲು. ಎಲ್ಲರೂ ಶಾಲೆ ಬಿಡುವುದಿಲ್ಲ ನಿಜ. ಬಿಡುವವರನ್ನು ನಾವು ಬೇರೆ ಬೇರೆ ಹೆಸರಿನಲ್ಲಿ ಕಳೆದುಕೊಳ್ಳುತ್ತಿದ್ದೇವೆ.

ಈ ಆತಂಕ ಬೆಳೆಯುವ ರೀತಿಯನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ. ಭಯ ಏರುತ್ತಿರುವಾಗ ಮಗು ಮನೆಯಲ್ಲಿ ಉಳಿಯುತ್ತದೆ, ತಕ್ಷಣ ದೊಡ್ಡ ನಿರಾಳ ಸಿಗುತ್ತದೆ. ಮನೆಯಲ್ಲಿ ಉಳಿದಿದ್ದರಿಂದಲೇ ನಾನು ಬಚಾವಾದೆ ಎಂದು ಮೆದುಳು ಕಲಿಯುತ್ತದೆ. ಮರುದಿನ ಭಯ ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆ. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ, ನೋಟ್ಸ್ ಬಾಕಿ ಬಿದ್ದಿರುತ್ತದೆ, "ಇಷ್ಟು ದಿನ ಎಲ್ಲಿದ್ದೆ?" ಎಂದು ಗೆಳತಿಯರು ಕೇಳುತ್ತಾರೆಂಬ ಅಳುಕು ಸೇರಿಕೊಳ್ಳುತ್ತದೆ. ಮೊದಲ ದಿನ ಒಂದೇ ಇದ್ದ ಭಯ ಹದಿನೈದನೇ ದಿನ ಮೂರಾಗಿರುತ್ತದೆ. ಆದ್ದರಿಂದ "ಪಾಪ, ಸ್ವಲ್ಪ ದಿನ ಸುಧಾರಿಸಿಕೊಳ್ಳಲಿ" ಎಂಬ ಮಮತೆಯ ಮಾತು ಈ ವಿಷಯದಲ್ಲಿ ಮಗುವಿಗೆ ಒಳ್ಳೆಯದು ಮಾಡುವುದಿಲ್ಲ. ಕೋಲು ಹಿಡಿದು ಬಸ್ಸಿಗೆ ಹತ್ತಿಸುವುದೂ ಒಳ್ಳೆಯದು ಮಾಡುವುದಿಲ್ಲ. ಶಾಲೆಯ ಭಯದ ಜೊತೆಗೆ ಅಪ್ಪನ ಭಯವನ್ನೂ ಸೇರಿಸಿದರೆ ಮಗು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ನನ್ನ ಮಾತು ಇಷ್ಟು: ಬಲವಂತ ಮತ್ತು ವಿಶ್ರಾಂತಿ, ಎರಡೂ ಈ ಆತಂಕಕ್ಕೆ ಗೊಬ್ಬರ. ಕೆಲಸ ಮಾಡುವುದು ಮೂರನೆಯದು. ಮೊದಲೇ ಮಾತಾಡಿಕೊಂಡು, ಮಗು ಭಯಪಡುತ್ತಲೇ ತಾಳಿಕೊಳ್ಳಬಲ್ಲಷ್ಟು ಸಣ್ಣ ಹೆಜ್ಜೆಗಳಲ್ಲಿ ಶಾಲೆಗೆ ಮರಳಿಸುವುದು. ಇದು ಮನೆಯವರಿಂದ ಮಾತ್ರ ಆಗುವ ಕೆಲಸವಲ್ಲ. ಶಾಲೆ ಜಾಗ ಕೊಡಬೇಕು. ನಮ್ಮ ಶಾಲೆಗಳಲ್ಲಿ ಸದ್ಯಕ್ಕೆ ಆ ಜಾಗವಿಲ್ಲ. ಮಗು ಬಂದಿದೆ ಅಥವಾ ಬಂದಿಲ್ಲ, ಇವೆರಡರ ನಡುವೆ ಬೇರೇನೂ ನಮಗೆ ಗೊತ್ತಿಲ್ಲ.

ಹೆಜ್ಜೆ ಇಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಮಗು ಹೆದರುತ್ತಿರುವ ಜಾಗ ನಿಜವಾಗಿಯೂ ಹೆದರುವಂಥದ್ದೇ? ಮಗ್ಗಿ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷಕರು, ಬಸ್ಸಿನಲ್ಲಿ ಮೈಗೆ ಮೈ ತಾಗಿಸುವವರು, ಬಣ್ಣವನ್ನೋ ಜಾತಿಯನ್ನೋ ಹಿಡಿದು ಹಂಗಿಸುವ ಸಹಪಾಠಿಗಳು, ಬಾಗಿಲಿಗೆ ಚಿಲಕವಿಲ್ಲದ ಶೌಚಾಲಯ, ಇವುಗಳಲ್ಲಿ ಒಂದಿದ್ದರೂ ಮಗುವಿನ ಭಯ ಸರಿಯಾಗಿಯೇ ಇದೆ. ಅದನ್ನು ಸರಿಪಡಿಸದೆ ಧೈರ್ಯ ಹೇಳಿ ಕಳಿಸುವುದು ಅನ್ಯಾಯ. ಎಂಟನೇ ತರಗತಿವರೆಗಿನ ಮಕ್ಕಳಿಗೆ ಅನ್ವಯಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಲೈಂಗಿಕ ಕಿರುಕುಳವಿದ್ದರೆ ಪೋಕ್ಸೊ ಕಾಯ್ದೆಯಿದೆ, 1098 ಸಹಾಯವಾಣಿಯಿದೆ.

ಇನ್ನೊಂದು ಕಾರಣ ಓದಿನೊಳಗೇ ಅಡಗಿರುತ್ತದೆ. ಏಳನೇ ತರಗತಿವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವನ್ನು ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದಾಗ ಅದು ತರಗತಿಯಲ್ಲಿ ದಿನಕ್ಕೆ ಆರು ಗಂಟೆ ಅರ್ಥವಾಗದ ಮಾತನ್ನು ಕೇಳುತ್ತಾ ಕೂರುತ್ತದೆ, ಯಾವಾಗ ತನ್ನನ್ನು ಎಬ್ಬಿಸಿ ಓದಿಸುತ್ತಾರೋ ಎಂದು ಕಾಯುತ್ತಾ. ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಾಗಿದ್ದರೂ ಓದು, ಬರಹ ಅಥವಾ ಲೆಕ್ಕ ಮಾತ್ರ ಕೈಗೆಟುಕದ ತೊಂದರೆ, ಇರುವ ಮಕ್ಕಳ ಪಾಡೂ ಇದೇ. ಚಿಕ್ಕ ತರಗತಿಗಳಲ್ಲಿ ಹೇಗೋ ತಳ್ಳಿಕೊಂಡು ಬಂದದ್ದು ಎಂಟು, ಒಂಬತ್ತಕ್ಕೆ ಬರುವಾಗ ಬಯಲಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಪಟ್ಟಿಯಲ್ಲಿ ಸೇರಿಸಿದೆ. ಸರಿಯಾದ ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಸಿಗುತ್ತದೆ.

ಫಲಿತಾಂಶದ ಒತ್ತಡದ ಬಗ್ಗೆ ಇಲ್ಲಿ ಹೇಳಲೇಬೇಕು. ಹಾಸನ ಜಿಲ್ಲೆ 2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು, 2023ರಲ್ಲಿ ಮೂರನೆಯ ಸ್ಥಾನ. ಅದರ ಹಿಂದೆ ಶಿಕ್ಷಕರ ನಿಜವಾದ ಶ್ರಮವಿದೆ, ಹಳ್ಳಿಯ ಬಡ ಮಕ್ಕಳು ತೇರ್ಗಡೆಯಾದ ಹೆಮ್ಮೆಯಿದೆ, ಅದನ್ನು ನಾನು ಕಡಿಮೆ ಮಾಡಿ ನೋಡುವುದಿಲ್ಲ. ಆದರೆ ಸ್ಥಾನ ಉಳಿಸಿಕೊಳ್ಳುವ ಚಿಂತೆ ಮುಖ್ಯೋಪಾಧ್ಯಾಯರಿಂದ ವಿಷಯ ಶಿಕ್ಷಕರಿಗೆ, ಅವರಿಂದ ಮಕ್ಕಳಿಗೆ ಇಳಿಯುತ್ತದೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಲು ಶಿಕ್ಷಕರ ಫೋನ್ ಕರೆ, ಸಾಲು ಸಾಲು ಪೂರ್ವಸಿದ್ಧತಾ ಪರೀಕ್ಷೆ, ಅಂಕಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು. ಓದಿನಲ್ಲಿ ಹಿಂದುಳಿದ ಮಗುವಿಗೆ ಇವುಗಳಲ್ಲಿ ಕೆಲವು ಆಸರೆಯಾಗಬಹುದು. ಮೊದಲೇ ಆತಂಕದಲ್ಲಿರುವ ಮಗುವಿಗೆ ಇದೇ ಏರ್ಪಾಡು ಉಸಿರುಗಟ್ಟಿಸುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ ಇಂಥ ಮಕ್ಕಳಲ್ಲಿ ಅನೇಕರು ಚೆನ್ನಾಗಿ ಓದುವವರು. ತೊಂಬತ್ತು ಬರುತ್ತಿದ್ದವಳಿಗೆ ಒಮ್ಮೆ ಎಪ್ಪತ್ತೆರಡು ಬಂದು, ಅದನ್ನು ಎಲ್ಲರೆದುರು ಓದಿದ ದಿನದಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ.

ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಮಾರ್ಗಸೂಚಿ ನೀಡಿತು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಅದು. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರಿರಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು, ಅಂಕದ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದನ್ನೂ ಎಲ್ಲರೆದುರು ಅವಮಾನಿಸುವುದನ್ನೂ ನಿಲ್ಲಿಸಬೇಕು ಎಂದು ಅದು ಹೇಳುತ್ತದೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಆಪ್ತಸಮಾಲೋಚಕರು ಯಾರು ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳಿ. ಕೇಳುವವರಿಲ್ಲದಿದ್ದರೆ ಇದೂ ಕಡತದಲ್ಲೇ ಉಳಿಯುತ್ತದೆ.

ಈಗ ಹೆಜ್ಜೆಗಳ ವಿಷಯ. ಬೇಲೂರು ತಾಲ್ಲೂಕಿನ ಒಂದು ಮನೆಯಲ್ಲಿ ನಾನು ಹತ್ತಿರದಿಂದ ನೋಡಿದ್ದನ್ನು, ಗುರುತು ಸಿಗದಂತೆ ಕೆಲವು ವಿವರ ಬಿಟ್ಟು, ಹೇಳುತ್ತೇನೆ. ಹುಡುಗಿ ಒಂಬತ್ತನೇ ತರಗತಿ. ಮಳೆ ರಜೆಯ ನಂತರ ಶಾಲೆಗೆ ಹೋಗುವುದು ನಿಂತಿತ್ತು. ದೃಷ್ಟಿ ತೆಗೆದರು, ಅಂತ್ರ ಕಟ್ಟಿಸಿದರು, ಹೊಟ್ಟೆಯ ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು. ದೈಹಿಕ ತೊಂದರೆ ಏನೂ ಇಲ್ಲ ಎಂದ ವೈದ್ಯರೇ ಮನೋವೈದ್ಯರ ಹತ್ತಿರ ಕಳಿಸಿದರು. ಅಪ್ಪ ಮೊದಲು ಒಪ್ಪಲಿಲ್ಲ. "ನಾಳೆ ಮದುವೆ ಮಾಡಬೇಕಾದ ಹುಡುಗಿ, ಊರಲ್ಲಿ ಗೊತ್ತಾದರೆ?" ಎಂದರು. ಒಪ್ಪಿಸಿದ್ದು ಅಜ್ಜಿ. "ಕಾಲು ಉಳುಕಿದರೆ ತೋರಿಸುವುದಿಲ್ಲವೇನಪ್ಪಾ? ಮನಸ್ಸು ಉಳುಕಿದೆ, ತೋರಿಸು" ಎಂದರಂತೆ.

ಮನೋವೈದ್ಯರು ಹುಡುಗಿಯ ಕೈಯಲ್ಲೇ ಒಂದು ಹಾಳೆ ಬರೆಸಿದರು. ಶಾಲೆಗೆ ಸಂಬಂಧಿಸಿದ ಯಾವ ಯಾವ ಕೆಲಸಕ್ಕೆ ಎಷ್ಟು ಭಯ, ಸೊನ್ನೆಯಿಂದ ಹತ್ತರವರೆಗೆ. ಸಮವಸ್ತ್ರ ಹಾಕಿಕೊಂಡು ಮನೆಯಲ್ಲೇ ಇರುವುದು, ಎರಡು. ಬಸ್ ನಿಲ್ದಾಣದವರೆಗೆ ನಡೆಯುವುದು, ಮೂರು. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುವುದು, ಎಂಟು. ಎದ್ದು ನಿಂತು ಇಂಗ್ಲಿಷ್ ಪಾಠ ಓದುವುದು, ಹತ್ತು. ಎಲ್ಲರೂ 'ಶಾಲೆಯ ಭಯ' ಎನ್ನುತ್ತಿದ್ದುದು ಹಾಳೆಯ ಮೇಲೆ ಬಂದಾಗ ಮುಖ್ಯವಾಗಿ ಎರಡು ಸಂಗತಿಗಳ ಭಯವಾಗಿತ್ತು: ನೂರಾರು ಕಣ್ಣು ತನ್ನ ಮೇಲಿರುವ ಪ್ರಾರ್ಥನೆಯ ಹೊತ್ತು, ಮತ್ತು ಓದುವಾಗ ತೊದಲಿದರೆ ನಗುತ್ತಾರೆಂಬುದು. ಗಣಿತಕ್ಕೆ ಅವಳಿಗೆ ಭಯವೇ ಇರಲಿಲ್ಲ.

ಮೊದಲು ಎರಡು ಅಂಕದ ಕೆಲಸ, ಅದು ಬೇಸರ ಬರುವಷ್ಟು ಸಲೀಸಾದ ಮೇಲೆ ಮೂರು ಅಂಕದ್ದು. ಭಾನುವಾರ, ಯಾರೂ ಇಲ್ಲದ ಹೊತ್ತಿನಲ್ಲಿ ಅಮ್ಮನ ಜೊತೆ ಶಾಲೆಯ ಗೇಟಿನವರೆಗೆ ಹೋಗಿ ಬಂದಳು. ಆಮೇಲೆ ಪ್ರಾರ್ಥನೆ ಮುಗಿದ ಮೇಲೆ ಹೋಗಿ ಗಣಿತದ ಒಂದು ಪೀರಿಯಡ್ ಕೂತು ಬಂದಳು. ತರಗತಿ ಶಿಕ್ಷಕಿ ಅವಳಿಗೆ ಬಾಗಿಲ ಹತ್ತಿರದ ಬೆಂಚು ಕೊಟ್ಟರು, ತಡೆಯಲಾಗದಿದ್ದರೆ ಕೇಳದೆಯೇ ಗ್ರಂಥಾಲಯಕ್ಕೆ ಹೋಗಿ ಹತ್ತು ನಿಮಿಷ ಕೂತು ಬರಬಹುದು ಎಂದರು. ಇಂಗ್ಲಿಷ್ ಮೇಷ್ಟರಿಗೆ ಎಬ್ಬಿಸಿ ಓದಿಸಬೇಡಿ ಎಂದು ಮೊದಲೇ ಹೇಳಿಟ್ಟರು. ನಂತರ ಮಧ್ಯಾಹ್ನದ ಬಿಸಿಯೂಟದವರೆಗೆ. ಊಟದ ಹೊತ್ತು ನಿಭಾಯಿಸುವುದು ಎಲ್ಲಕ್ಕಿಂತ ಕಷ್ಟವಾಯಿತು, ಯಾರ ಪಕ್ಕ ತಟ್ಟೆ ಹಿಡಿದು ಕೂರಬೇಕೆಂದು ಗೊತ್ತಾಗದೆ. ಒಬ್ಬ ಗೆಳತಿಗೆ ಶಿಕ್ಷಕಿ ಮೆಲ್ಲಗೆ ಹೇಳಿ ಅದೂ ಬಗೆಹರಿಯಿತು. ಮಧ್ಯೆ ಹಿನ್ನಡೆಗಳಾದವು. ದಸರಾ ರಜೆಯ ನಂತರ ಮತ್ತೆ ಎರಡು ಅಂಕದ ಮೆಟ್ಟಿಲಿನಿಂದ ಶುರು ಮಾಡಬೇಕಾಯಿತು. ಪ್ರಾರ್ಥನೆಯ ಸಾಲಿಗೆ ಅವಳು ಬಂದದ್ದು ಜನವರಿಯಲ್ಲಿ.

ಇದರಲ್ಲಿ ದುಡ್ಡು ಬೇಡುವಂಥದ್ದು ಕಡಿಮೆ, ತಾಳ್ಮೆ ಬೇಡುವಂಥದ್ದೇ ಹೆಚ್ಚು. ಅಮ್ಮನ ಮಾತಿನ ರೀತಿ ಬದಲಾದದ್ದು ನನಗೆ ಮುಖ್ಯವಾಗಿ ಕಂಡಿತು. ಮೊದಲು "ಏನೂ ಆಗಿಲ್ಲ ನಿನಗೆ, ಏಳು" ಎನ್ನುತ್ತಿದ್ದವರು, "ಹೊಟ್ಟೆ ನೋಯುತ್ತಿರುವುದು ನಿಜ ಪುಟ್ಟಾ, ನನಗೆ ಗೊತ್ತು. ಆದರೂ ಇವತ್ತು ಒಂದು ಪೀರಿಯಡ್ ಹೋಗಿ ಬರೋಣ" ಎನ್ನತೊಡಗಿದರು. ನೋವನ್ನು ಒಪ್ಪಿಕೊಂಡರು, ಹೆಜ್ಜೆಯನ್ನು ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಏಳೂವರೆಗೆ ಚರ್ಚೆ ಮಾಡುವುದನ್ನು ಬಿಟ್ಟರು, ನಾಳೆಯ ಹೆಜ್ಜೆ ಯಾವುದೆಂದು ಹಿಂದಿನ ಸಂಜೆಯೇ ತೀರ್ಮಾನವಾಗಿರುತ್ತಿತ್ತು. ಮನೆಯಲ್ಲಿ ಉಳಿದ ದಿನ ಶಾಲೆಯ ಹೊತ್ತಿನಲ್ಲಿ ಟಿವಿ, ಮೊಬೈಲ್ ಇರಲಿಲ್ಲ, ಪುಸ್ತಕವಿತ್ತು. ಅದು ಶಿಕ್ಷೆಯಾಗದಂತೆ ನೋಡಿಕೊಳ್ಳುವುದು ನಾಜೂಕಿನ ಕೆಲಸ.

ಎಲ್ಲ ಮಕ್ಕಳ ಭಯವೂ ಒಂದೇ ಬಗೆಯದಲ್ಲ. ಶಾಲೆಗೆ ಹೋಗಲೊಲ್ಲದ ಮಕ್ಕಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಕರ್ನಿ, ಮಗು ಮನೆಯಲ್ಲಿ ಉಳಿಯುವುದರಿಂದ ಅದಕ್ಕೆ ಏನು ಸಿಗುತ್ತದೆ ಎಂದು ನೋಡಿ ಎನ್ನುತ್ತಾರೆ: ಶಾಲೆಯ ಸಂಕಟದಿಂದ ಬಿಡುಗಡೆಯೇ, ಜನರೆದುರು ಪರೀಕ್ಷೆಗೊಳಗಾಗುವುದರಿಂದ ತಪ್ಪಿಸಿಕೊಳ್ಳುವುದೇ, ಅಮ್ಮನ ಸಾಮೀಪ್ಯವೇ, ಅಥವಾ ಮನೆಯ ಆಕರ್ಷಣೆಗಳೇ. ಕುಡಿದು ಬರುವ ಅಪ್ಪನಿಂದ ಅಮ್ಮನನ್ನು ಕಾಯಲು ಮನೆಯಲ್ಲೇ ಉಳಿಯುವ ಹುಡುಗನಿಗೆ ಮೇಲಿನ ಹಾಳೆಯಿಂದ ಪ್ರಯೋಜನವಿಲ್ಲ. ಅಲ್ಲಿ ಚಿಕಿತ್ಸೆ ಬೇಕಿರುವುದು ಅಪ್ಪನಿಗೆ.

ಔಷಧಿಯ ಬಗ್ಗೆ ನಮ್ಮಲ್ಲಿ ಅತಿಯಾದ ಅಂಜಿಕೆಯಿದೆ. ಆತಂಕವಿದ್ದ 7ರಿಂದ 17 ವರ್ಷದ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಮಾತಿನ ಚಿಕಿತ್ಸೆ (ಮಾತುಕತೆಯ ಮೂಲಕ ಭಯವನ್ನು ಎದುರಿಸಲು ಕಲಿಸುವುದು) ಮತ್ತು ಸರ್ಟ್ರಲಿನ್ ಎಂಬ ಔಷಧಿ ಎರಡನ್ನೂ ಪಡೆದವರಲ್ಲಿ ಶೇ 81ರಷ್ಟು ಮಂದಿ ಚೆನ್ನಾಗಿ ಸುಧಾರಿಸಿದರು. ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 60, ಔಷಧಿ ಮಾತ್ರ ಪಡೆದವರಲ್ಲಿ ಶೇ 55, ಔಷಧಿಯಿಲ್ಲದ ಖಾಲಿ ಗುಳಿಗೆ ಪಡೆದವರಲ್ಲಿ ಶೇ 24. ಅಂದರೆ ಬಹಳಷ್ಟು ಮಕ್ಕಳಿಗೆ ಔಷಧಿಯಿಲ್ಲದೆಯೇ ಆಗುತ್ತದೆ, ಬೇಕಾದವರಿಗೆ ಅದು ನಿಜವಾಗಿ ನೆರವಾಗುತ್ತದೆ. ಹದಿಹರೆಯದವರಿಗೆ ಇಂಥ ಔಷಧಿ ಶುರು ಮಾಡಿದ ಮೊದಲ ವಾರಗಳಲ್ಲಿ ಮನಸ್ಥಿತಿಯ ಮೇಲೆ ಹೆಚ್ಚು ನಿಗಾ ಬೇಕು. ಆದ್ದರಿಂದ ಮನೋವೈದ್ಯರ ಸಲಹೆಯಿಲ್ಲದೆ ಔಷಧಿ ಅಂಗಡಿಯಿಂದ ತರುವುದಾಗಲಿ, ತಾನಾಗಿಯೇ ನಿಲ್ಲಿಸುವುದಾಗಲಿ ಕೂಡದು.

ಎಲ್ಲಿಗೆ ಹೋಗಬೇಕು? ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಶಿಬಿರಗಳು ಮಂಗಳವಾರಗಳಂದು ನಡೆಯುತ್ತವೆ. ನಿಮ್ಮ ತಾಲ್ಲೂಕಿನ ಸರದಿ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ವಿಚಾರಿಸಿ ಹೇಳುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಪೋಷಕರೂ ಮಾಡಬಹುದು, ಮಗುವೇ ಮಾಡಬಹುದು. ಬಸ್ಸೇ ಅಪರೂಪವಾದ ಕಳಸ, ಕೊಪ್ಪದ ಒಳಗಿನ ಊರುಗಳವರಿಗೆ ಇದು ಸಣ್ಣ ಸೌಲಭ್ಯವಲ್ಲ.

ಒಂದು ವಿಷಯದಲ್ಲಿ ತಡ ಮಾಡುವಂತಿಲ್ಲ. ಮಗು ಬದುಕಿ ಏನು ಪ್ರಯೋಜನ ಎನ್ನುತ್ತಿದ್ದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಊಟ ಮಾತು ಎರಡನ್ನೂ ಬಿಟ್ಟಿದ್ದರೆ ಅವತ್ತೇ ವೈದ್ಯರಿಗೆ ತೋರಿಸಬೇಕು. "ಸಾಯಬೇಕು ಅನ್ನಿಸುತ್ತದೆಯೇ?" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತುಕೊಂಡಿದ್ದರೆ ಹಗುರವಾಗುತ್ತದೆ. ತೋಟದ ಮನೆಗಳಲ್ಲಿ, ಗದ್ದೆಯಿರುವ ಮನೆಗಳಲ್ಲಿ ಕೀಟನಾಶಕ, ಕಳೆನಾಶಕದ ಡಬ್ಬಿಗಳು ಮಲಗುವ ಕೋಣೆಯ ಮೂಲೆಯಲ್ಲೂ ಇರುತ್ತವೆ. ಅವನ್ನು ಮನೆಯಿಂದ ಹೊರಗೆ, ಬೀಗ ಹಾಕಿದ ಜಾಗದಲ್ಲಿಡಿ. ಈ ಒಂದು ಎಚ್ಚರಿಕೆ ಜೀವ ಉಳಿಸುತ್ತದೆ.

ಹಾಜರಾತಿಯ ಲೆಕ್ಕಕ್ಕೆ ಬರೋಣ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ 75ರ ಹಾಜರಾತಿ ಬೇಕು. ಪೋಷಕರು ವೈದ್ಯಕೀಯ ಪ್ರಮಾಣಪತ್ರವನ್ನು ಫೆಬ್ರವರಿಯಲ್ಲಿ ಓಡಾಡಿ ತರುತ್ತಾರೆ, ಅಷ್ಟರಲ್ಲಿ ತಡವಾಗಿರುತ್ತದೆ. ತೊಂದರೆ ಗೊತ್ತಾದ ತಿಂಗಳಲ್ಲೇ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಆತುರದಲ್ಲಿ ಟಿಸಿ ಪಡೆದು ಶಾಲೆ ಬದಲಿಸಬೇಡಿ. ಕಾರಣ ಆ ಶಾಲೆಯಲ್ಲೇ ಇದ್ದರೆ ಮಾತು ಬೇರೆ, ಇಲ್ಲದಿದ್ದರೆ ಭಯ ಹೊಸ ಶಾಲೆಗೂ ಜೊತೆಯಲ್ಲೇ ಹೋಗುತ್ತದೆ. ಹಾಸ್ಟೆಲಿಗೆ ಹಾಕಿದರೆ ಸರಿಹೋಗುತ್ತಾಳೆ ಎಂದು ಘಟ್ಟದ ಕೆಳಗಿನ ವಸತಿ ಶಾಲೆಗಳಿಗೆ ಕಳಿಸುವವರಿದ್ದಾರೆ. ಮನೆ ಬಿಟ್ಟಿರಲಾರದ ಆತಂಕವಿರುವ ಮಗುವಿಗೆ ಅದು ಕ್ರೂರ. ವರ್ಷ ಕಳೆದುಹೋದರೂ ಓದು ಮುಗಿಯುವುದಿಲ್ಲ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯಬಹುದು, ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯಿದೆ, 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಆದರೆ ಇವನ್ನು ಮೊದಲ ಆಯ್ಕೆ ಮಾಡಿಕೊಳ್ಳಬಾರದು. ಶಾಲೆ ಬಿಟ್ಟ ಆತಂಕದ ಮಗು ಕ್ರಮೇಣ ಸಂತೆ, ಮದುವೆ, ನೆಂಟರ ಮನೆ ಎಲ್ಲವನ್ನೂ ಬಿಡುವ ಅಪಾಯವಿದೆ.

ಎಲ್ಲ ಮನೆಗಳಲ್ಲೂ ಅಮ್ಮ ಮಗುವಿನ ಜೊತೆ ಗೇಟಿನವರೆಗೆ ಹೋಗಿ ನಿಲ್ಲಲಾರಳು ಎಂಬುದನ್ನೂ ಹೇಳಬೇಕು. ಲೈನ್ ಮನೆಯಲ್ಲಿರುವ ತೋಟದ ಕೂಲಿಯವರಿಗೆ ಒಂದು ಬೆಳಗು ತಪ್ಪಿದರೆ ಆ ದಿನದ ಸಂಬಳ ಹೋಗುತ್ತದೆ. ಅವರ ಮಕ್ಕಳು ಶಾಲೆ ಬಿಟ್ಟರೆ ಕಾರಣವನ್ನು ಬಡತನ ಎಂದು ಬರೆದು ಮುಗಿಸಿಬಿಡುತ್ತೇವೆ, ಬಡ ಮಗುವಿಗೂ ಆತಂಕ ಇರಬಹುದೆಂದು ಯಾರೂ ಯೋಚಿಸುವುದಿಲ್ಲ. ಆ ಮನೆಗಳಿಗೆ ಸಲಹೆ ಕೊಟ್ಟರೆ ಸಾಲದು, ಜೊತೆಗೆ ನಡೆಯುವವರು ಬೇಕು. ಅದು ಶಾಲೆಯಿಂದಲೇ ಬರಬೇಕು.

ಹಾಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮುಂದೆ, ಶಾಲಾಭಿವೃದ್ಧಿ ಸಮಿತಿಗಳ (ಎಸ್‌ಡಿಎಂಸಿ) ಮುಂದೆ ಇಡಬೇಕಾದ ಬೇಡಿಕೆಗಳು ದೊಡ್ಡವೇನಲ್ಲ. ವೈದ್ಯರ ಪತ್ರವಿರುವ ಮಗುವಿಗೆ ಒಂದು ಪೀರಿಯಡ್ ಬಂದು ಹೋದರೂ ಅದನ್ನು ಹಾಜರಿಯ ಲೆಕ್ಕದಲ್ಲಿ ಗುರುತಿಸುವ ಸ್ಪಷ್ಟ ಸುತ್ತೋಲೆ ಬೇಕು. ಪ್ರತಿ ಪ್ರೌಢಶಾಲೆಯಲ್ಲಿ ಇಂಥ ಮಗು ನೇರವಾಗಿ ಹೋಗಿ ಮಾತಾಡಬಹುದಾದ ಒಬ್ಬ ಶಿಕ್ಷಕಿ ಅಥವಾ ಶಿಕ್ಷಕರು ಯಾರೆಂದು ಜೂನ್‌ನಲ್ಲೇ ನಿಗದಿಯಾಗಬೇಕು. ನೂರು ಮಕ್ಕಳಿಲ್ಲದ ಮಲೆನಾಡಿನ ಸಣ್ಣ ಶಾಲೆಗಳಿಗೆ ತಾಲ್ಲೂಕಿಗೆ ಒಬ್ಬರಾದರೂ ಆಪ್ತಸಮಾಲೋಚಕರನ್ನು ನೇಮಿಸಿ, ಗೊತ್ತಾದ ವಾರದಂದು ಸುತ್ತು ಹಾಕುವಂತೆ ಮಾಡಬೇಕು. ಅವರ ಮೊದಲ ಸುತ್ತು ಮಳೆ ರಜೆ ಮುಗಿದು ಶಾಲೆ ತೆರೆದ ವಾರವೇ ಇರಲಿ. ಬಾರದೆ ಉಳಿದವರ ಹೆಸರು ಹಿಡಿದು ಮನೆಗೆ ಹೋಗಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.